ಚೀಲದ ಓಣಿಯ ಮೂವತ್ತೆಂಟು ಬಾಗಿಲು

"ಏನ್ ಬರಿಯಾಕತ್ತೀರಿ ಅದರಾಗ?"

ಸುರೇಖಾ ಬೆಚ್ಚಿದಳು. ಸುತ್ತ ನೋಡಿದಳು. ಓಣಿಯಲ್ಲಿ ನರಪಿಳ್ಳೆ ಇಲ್ಲ. ಎದುರಿಗೊಂದು ಮುಚ್ಚಿದ ಅಂಗಡಿ, ಸಾಲಾಗಿ ನಿಲ್ಲಿಸಿದ ಮರದ ಹಲಗೆಗಳು, ಅಷ್ಟೇ.

ಅಯ್ಯೋ... ಹಲಗೆ ಮಾತಾಡಿತಾ?!

ಒಂದು ಹಲಗೆ ಮೇಲೆದ್ದು ಪಕ್ಕಕ್ಕೆ ಸರಿಯಿತು. ಸಂದಿಯಿಂದ ಒಂದು ತಲೆ ಹೊರಬಂತು. ಕೆದರಿದ ಕೂದಲು, ಮೀಸೆಗೆ ಅಂಟಿದ ಗೋಣಿನಾರು, ಕೆಂಡದಂಥ ಕಣ್ಣು.

"ನಿಮ್ಮನ್ನ ಕೇಳಿದ್ದು ಮೇಡಂ. ಏನದು?"

"ಅಂಗಡಿಗಳ ಅಳತಿ ರೀ. ಇದು ಮುಚ್ಚೇತಿ ಅಂತ ಮೊನ್ನೆ ಪಟ್ಟಿ ಮಾಡೇನಿ..."

"ಮುಚ್ಚೇತಿ?! ಹಂಗಾರ ಮುಂಜಾನಿಂದ ಒಳಗ ಕುಂತು ಚೀಲಾ ಹೊಲಿಯಾಕತ್ತಿದ್ದು ನಾನಾ, ನನ್ನ ದೆವ್ವಾ?"

ಉತ್ತರ ಕೊಡಲು ಬಾಯಿ ತೆರೆದಳು. ಬಂದದ್ದು ಸೀನು! ಒಂದಲ್ಲ, ಎರಡಲ್ಲ, ಐದು!

2007ರ ಫೆಬ್ರುವರಿ. ಬ್ಯಾಡಗಿಗೆ ಮೆಣಸಿನಕಾಯಿ ಸುಗ್ಗಿ. ಮಾರುಕಟ್ಟೆ ಕಡೆಯಿಂದ ಗಾಳಿ ಬೀಸಿತೆಂದರೆ ಘಾಟು ನೇರ ಚೀಲದ ಓಣಿಗೇ ನುಗ್ಗುತ್ತಿತ್ತು.

"ನೋಡಿದ್ರಿಲ್ಲೋ? ಅದಕ್ಕ ನಾವು ಸುಗ್ಗಿ ಮುಗಿಯೂತನಕ ಒಂದ ಹಲಗಿ ಸಡಲ ಇಡ್ತೇವಿ. ಗಿರಾಕಿ ಬಂದ್ರ ಬಡೀತಾರ, ಅದನ್ನ ಸರಸ್ತೇವಿ. ಅಡ್ಡಾಗಿ ಒಳಗ ಬರ್ತಾರ. ಇಡೀ ಬ್ಯಾಡಗಿಗೆ ಗೊತ್ತೈತಿ, ನಿಮಗೊಬ್ಬರಿಗೆ ಗೊತ್ತಿಲ್ಲ!"

ಸುರೇಖಾ ಕೈಯಲ್ಲಿದ್ದ ಹಾಳೆ ನೋಡಿದಳು. ನಲವತ್ತಾರು ಅಂಗಡಿ. ಮೂವತ್ತೆಂಟರ ಮುಂದೆ ಅವಳದೇ ಅಕ್ಷರದಲ್ಲಿ 'ಮುಚ್ಚಿದೆ'.

ದೇವರೇ... ಈ ಪಟ್ಟಿ ಮೊನ್ನೆಯೇ ಆಫೀಸಿಗೆ ಹೋಗಿಬಿಟ್ಟಿದೆಯಲ್ಲ!

ಊರುದ್ಧಾರದ ಯೋಜನೆ ಅಂದರೆ ಗೊತ್ತಲ್ಲ? ಕಾರಿನ ಗಾಜು ಇಳಿಸದೆ ಊರು ನೋಡುವವರು ಬರೆಯುವುದು, ಅಲ್ಲಿ ಬೆವರು ಸುರಿಸುವವರು ಅನುಭವಿಸುವುದು. ಆದರೆ ಸುರೇಖಾ ಕಾರಿನವಳಲ್ಲ. ಹಾವೇರಿಯಿಂದ ಎಂಟರ ಬಸ್ಸಿಗೆ ನಿಂತುಕೊಂಡೇ ಬರುವವಳು. ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಆರು ತಿಂಗಳ ಪರೀಕ್ಷಾವಧಿಯ ನೌಕರಿ. ಬ್ಯಾಡಗಿಯ ಸೊರಗಿದ ಹಳೇ ಪೇಟೆಗೆ ಮತ್ತೆ ವ್ಯಾಪಾರ ತರಲು ಸರಕಾರದ ದುಡ್ಡು ಬರುವುದಿತ್ತು. ಅದನ್ನು ಎಲ್ಲಿ ಹಾಕಬೇಕು ಎಂದು ಈ ಕಂಪನಿ ಹೇಳಬೇಕಿತ್ತು.

ಜೀವ ಇರುವ ಓಣಿಗೆ ದುಡ್ಡು ಸಿಗುತ್ತದೆ. ಸತ್ತ ಓಣಿಯನ್ನು ಕೆಡವಿ ಮೂರಂತಸ್ತಿನ ಮಳಿಗೆ ಕಟ್ಟುತ್ತಾರೆ.

ಅವಳ ಪಟ್ಟಿಯ ಪ್ರಕಾರ ಚೀಲದ ಓಣಿ ಸತ್ತಿತ್ತು!

"ನಿಮ್ಮ ಹೆಸರೇನ್ರಿ?" ಮೂಗು ಒರೆಸಿಕೊಳ್ಳುತ್ತಾ ಕೇಳಿದಳು.

"ಸಿದ್ದಲಿಂಗೇಶ. ಓಣ್ಯಾಗ ಸಿದ್ದು ಅಂತಾರ. ಸಾಲಿ ಏಳನೇತ್ತೆ ನಪಾಸು. ಅದನ್ನೂ ಬರಕೋರಿ."

"ಸಿದ್ದಲಿಂಗೇಶವ್ರ, ನನ್ನ ಜೋಡಿ ಬರ್ರಿ. ಎಲ್ಲಾ ಬಾಗಲಾ ಮತ್ತೊಮ್ಮೆ ಬಡಿಯೂಣು."

ಅವನು ಅವಳನ್ನು ಒಂದು ಕ್ಷಣ ದಿಟ್ಟಿಸಿದ. ಸರಕಾರಿ ಕಾಗದ ಹಿಡಿದು ಬಂದವರು ತಪ್ಪು ತಿದ್ದಿಕೊಂಡದ್ದನ್ನು ಅವನು ಈ ಜನ್ಮದಲ್ಲಿ ಕಂಡಿರಲಿಲ್ಲ.

ಅಂದು ಸಂಜೆಯೊಳಗೆ ನಲವತ್ತಾರೂ ಬಾಗಿಲು ಬಡಿದರು. ನಡೆಯುವ ಅಂಗಡಿ ನಲವತ್ತೊಂದು. ಖರೇ ಮುಚ್ಚಿದ್ದು ಐದೇ ಐದು!

ಅದೇ ದಿನ ಸುರೇಖಾ ಕಂಪನಿಯ ಸಾಹೇಬರಿಗೆ ಪತ್ರ ಬರೆದಳು. 'ನನ್ನ ಮೊದಲ ಎಣಿಕೆ ತಪ್ಪು, ದಯವಿಟ್ಟು ಹಿಂದೆ ಪಡೆಯಿರಿ.' ಸಾಹೇಬರು "ನೋಡೋಣ" ಅಂದರು.

ತಪ್ಪು ಪಟ್ಟಿ ಆಗಲೇ ಆಫೀಸಿಗೆ ಹೋಗಿದ್ದನ್ನು ಮಾತ್ರ ಅವಳು ಸಿದ್ದುವಿಗೆ ಹೇಳಲಿಲ್ಲ. ಹೇಗೆ ಹೇಳುವುದು? ನಾಚಿಕೆ!

ಮುಂದಿನ ಮೂರು ವಾರ ಬಸ್ಸಿನಿಂದ ಇಳಿದವಳ ಕಾಲು ತಾವೇ ಓಣಿಗೆ ನಡೆದವು. ಯಾರಿಗೆ ಏನು ಬೇಕು ಎಂದು ಕೇಳುವುದು ಅವಳ ಕೆಲಸ. ಬೈಯುತ್ತಾ ಜೊತೆಗೆ ಬರುವುದು ಅವನ ಕೆಲಸ.

"ಮೊದ್ಲು ಈ ರಸ್ತೇಕ ಲಾರಿ ಬರೂವಂಗ ಮಾಡ್ರಿ. ಲಾರಿ ಬರಲಿಲ್ಲಂದ್ರ ವ್ಯಾಪಾರ ಎಲ್ಲಿಂದ ಬರ್ತೈತಿ? ನಿಮ್ಮ ಪ್ಲಾನಿನ್ಯಾಗ ಬಣ್ಣದ ದೀಪ ಅದಾವು, ಲಾರಿ ತಿರಗಸಾಕ ಜಾಗ ಇಲ್ಲ!"

ಸುರೇಖಾ ದೀಪ ಅಳಿಸಿ ಲಾರಿಗೆ ಜಾಗ ಬರೆದಳು.

"ಪ್ಲಾಸ್ಟಿಕ್ ಚೀಲದಾಗ ಕಾಯಿ ಬೆವರತಾವು, ಬಣ್ಣಾ ಹೋಕ್ಕೈತಿ. ಗೋಣಿಚೀಲ ಬೇಕಂತ ವ್ಯಾಪಾರಸ್ಥರ ಹೇಳ್ತಾರ. ಹೊಲಿಯಾಕ ನಮ್ಮಲ್ಲಿ ಮಿಶಿನ್ ಇಲ್ಲ. ನೂರು ಹೆಣ್ಮಕ್ಕಳು ದಬ್ಬಣ ಹಿಡದು ಕುಂತಾರ."

ಸುರೇಖಾ ಹೊಲಿಗೆ ಶೆಡ್ಡು ಬರೆದಳು. ಏಳನೇ ತರಗತಿ ನಪಾಸಾದವನ ತಲೆಯಲ್ಲಿ ಇಡೀ ಪೇಟೆಯ ಲೆಕ್ಕಾಚಾರವಿತ್ತು. ಅವನು ಮಾತಾಡುವಾಗ ಅವಳ ಪೆನ್ನು ನಿಂತೇ ಬಿಡುತ್ತಿತ್ತು...

"ಬರಕೋರಿ ಮೇಡಂ. ನನ್ನ ಮಾರಿ ಯಾಕ ನೋಡಾಕತ್ತೀರಿ?"

"ಮಾರಿ ಯಾರು ನೋಡ್ಯಾರ? ಮೀಸಿಗೆ ನಾರು ಹತ್ತೇತಿ!"

ಪಕ್ಕದ ಅಂಗಡಿಯ ಜೈತೂನಬಿ, ಓಣಿಯ ಹೆಂಗಸರಿಗೆಲ್ಲ ಹೊಲಿಗೆ ಕಲಿಸಿದವಳು, ಹಲಗೆ ಸಂದಿಯಿಂದಲೇ ನಕ್ಕಳು. "ಸಿದ್ದು, ಮೊದಲ ಎಂಟು ದಿನಕ್ಕೊಮ್ಮಿ ಮೀಸಿ ತೊಳೀತಿದ್ದಿ. ಈಗ ದಿನಾ ಎಂಟರ ಬಸ್ಸಿನ ಹೊತ್ತಿಗೆ ತೊಳೀತಿ. ಏನ್ ಸಮಾಚಾರೋ?"

"ಖಾಲಾ, ಸುಮ್ನಿರ್ರಿ!"

ಅವನ ಕಿವಿ ಬ್ಯಾಡಗಿ ಕಾಯಿಗಿಂತ ಕೆಂಪಾದವು. ಸುರೇಖಾ ಹಾಳೆಯಲ್ಲಿ ಮುಖ ಮುಚ್ಚಿಕೊಂಡಳು.

ಮಾರ್ಚಿ ಮೊದಲ ವಾರ ಪುರಸಭೆಯ ಗೋಡೆಗೆ ಕರಡು ಯೋಜನೆ ಅಂಟಿಸಿದರು.

ಸಿದ್ದು ಓದಿದ. ಒಂದೊಂದೇ ಅಕ್ಷರ ಕೂಡಿಸಿ ಓದಿದ. 'ಚೀಲದ ಓಣಿ: ನಲವತ್ತಾರರಲ್ಲಿ ಮುಚ್ಚಿದ ಅಂಗಡಿ ಮೂವತ್ತೆಂಟು. ತೆರವು ಮಾಡಬಹುದು.' ಕೆಳಗೆ ಸಹಿ... ಸುರೇಖಾಳದು!

ಮೂರು ವಾರ ನನ್ನ ಎದುರಿಗೆ ಕುಂತು ಬರೆದದ್ದು ಇದಾ? ನನ್ನ ಜನರ ಚಹಾ ಕುಡಿದು, ನನ್ನ ಜನರ ಕತ್ತು ಕೊಯ್ಯುವ ಕಾಗದ?!

ಅವನ ಸಿಟ್ಟು ಓಣಿಯಲ್ಲೆಲ್ಲ ಬೆಂಕಿಯಂತೆ ಹರಡಿತು.

ಮರುದಿನ ಹನ್ನೊಂದಕ್ಕೆ ಪುರಸಭೆಯವರೂ ಕಂಪನಿಯ ಸಾಹೇಬರೂ ಓಣಿ ನೋಡಲು ಬರುವವರಿದ್ದರು. ಅಂದು ಎಂಟರ ಬಸ್ಸು ದಾರಿಯಲ್ಲಿ ಕೆಟ್ಟು, ಹತ್ತೂವರೆಗೆ ಬಂದಿಳಿದ ಸುರೇಖಾ ಓಣಿಯ ಬಾಯಲ್ಲೇ ಕಲ್ಲಾಗಿ ನಿಂತಳು. ಒಂದೇ ಒಂದು ಹಲಗೆಯೂ ಸಡಿಲವಿರಲಿಲ್ಲ. ಎಲ್ಲ ಬಾಗಿಲಿಗೂ ಬೀಗ! ಜನರೆಲ್ಲ ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡು ರಸ್ತೆಯಲ್ಲಿ ಕುಳಿತಿದ್ದರು. ನಡುವೆ ಸಿದ್ದು.

"ಬರ್ರಿ ಮೇಡಂ. ನಿಮ್ಮ ಯೋಜನೆ ವಿರುದ್ಧ ಧರಣಿ. ಅಂಗಡಿ ಎಲ್ಲಾ ಮುಚ್ಚೇವಿ."

"ತಲಿ ಕೆಟ್ಟೈತೇನ್ರಿ ನಿಮಗ?" ಅವಳು ಓಡಿ ಬಂದಳು. "ಮುಚ್ಚ್ಯಾವ ಅಂತ ಬರದಾರಂತ ಸಿಟ್ಟು ಮಾಡಿ, ಖರೇನ ಮುಚ್ಚಿ ಕುಂತೀರಲ್ಲ! ಅವರು ಬಂದು ನೋಡಿ, 'ಹೌದಲ್ಲ, ಎಲ್ಲಾ ಬೀಗ' ಅಂತ ಸಹಿ ಹಾಕಿ ಹೋಗ್ತಾರ!"

ಮೂಲೆಯಲ್ಲಿದ್ದ ಮುದುಕ ಮಲಂಗಸಾಬ, ನಲವತ್ತು ವರ್ಷ ಚೀಲ ಹೊಲಿದವನು, ಮೆಲ್ಲಗೆ ಕೆಮ್ಮಿದ. "ಸಿದ್ದು... ಹುಡುಗಿ ಹೇಳೂದು ಬರೋಬ್ಬರಿ ಐತಿ."

"ಆ ಸಹಿ ಯಾರದು? ಅದನ್ನ ಹೇಳ್ರಿ ಮೊದಲ!" ಸಿದ್ದು ಗುಡುಗಿದ. ಆದರೆ ದನಿಯ ತಳದಲ್ಲಿ ಏನೋ ಒಡೆದಿತ್ತು.

"ನಂದ. ನಿಮ್ಮನ್ನ ಭೆಟ್ಟಿ ಆಗೂಕಿಂತ ಮೊದಲ ಕೊಟ್ಟ ಪಟ್ಟಿ. ಹಿಂದ ತಗೋರಿ ಅಂತ ಬರದೇನಿ. ಒಂದಲ್ಲ, ಮೂರು ಸಲ!" ಚೀಲದಿಂದ ಪತ್ರದ ಪ್ರತಿಗಳನ್ನು ತೆಗೆದು ಅವನ ಕೈಗಿಟ್ಟಳು. "ನಿಮಗ ಹೇಳಾಕ ನಾಚಿಕಿ ಬಂತು. ಅದು ನನ್ನ ತಪ್ಪು. ಬಾಕಿ ಎಲ್ಲಾ ಖರೇ..."

ಅವನು ತಾರೀಖು ನೋಡಿದ. ಮೊದಲ ಪತ್ರ ಬರೆದದ್ದು, ಇಬ್ಬರೂ ಸೇರಿ ಬಾಗಿಲು ಬಡಿದ ದಿನವೇ!

"ಎಷ್ಟು ಗಂಟೆ ಈಗ?"

"ಹತ್ತೂ ಮುಕ್ಕಾಲು!"

"ಏ ಏಳ್ರೋ! ಬೀಗ ತಗೀರಿ! ಎಲ್ಲಾ ಹಲಗಿ ತಗೀರಿ!"

"ಎಲ್ಲಾ ಬ್ಯಾಡ. ದಿನಾ ಹೆಂಗಿರ್ತೀರೋ ಹಂಗ ಇರ್ರಿ. ಒಂದ ಹಲಗಿ," ಅಂದಳು ಸುರೇಖಾ.

"ಹುಚ್ಚಿ ಇದ್ದೀರೇನು?"

"ನನ್ನ ಮ್ಯಾಲ ಭರೋಸಾ ಐತೋ, ಇಲ್ಲೋ?"

ಅವನು ಒಂದು ಕ್ಷಣ ಅವಳ ಕಣ್ಣಲ್ಲಿ ಕಣ್ಣಿಟ್ಟ. ಆಮೇಲೆ ತಾನೇ ಹೋಗಿ ತನ್ನ ಅಂಗಡಿಯ ಒಂದೇ ಹಲಗೆ ಸಡಿಲಿಸಿದ. ಉಳಿದವರೂ ಬೀಗ ತೆಗೆದು ತಮ್ಮ ತಮ್ಮ ಅಂಗಡಿಯೊಳಗೆ ಹೋಗಿ ಕುಳಿತರು.

ಹನ್ನೊಂದಕ್ಕೆ ಕಾರು ಬಂತು. ಸಾಹೇಬರು ಕರವಸ್ತ್ರ ಮೂಗಿಗೆ ಹಿಡಿದು ಓಣಿಯ ಉದ್ದಕ್ಕೂ ಕಣ್ಣಾಡಿಸಿದರು. "ಎಲ್ಲಾ ಮುಚ್ಚಿದೆಯಲ್ಲಮ್ಮ. ರಿಪೋರ್ಟು ಸರಿಯಾಗೇ ಇದೆ."

ಸುರೇಖಾ ಮುಂದೆ ಬಂದಳು. ನೌಕರಿ ಹೋದರೆ ಹೋಗಲಿ!

"ಸರ್, ನಾನೂ ಹೀಗೇ ನೋಡಿದೆ, ಹೀಗೇ ಮೋಸ ಹೋದೆ. ರಿಪೋರ್ಟಿನಲ್ಲಿರೋದು ನನ್ನ ತಪ್ಪು. ಅದನ್ನ ಎಲ್ಲರ ಮುಂದೆ ಒಪ್ಕೋತೀನಿ. ಈಗ ಒಂದು ಬಾಗಿಲು ಬಡೀರಿ."

ಸಾಹೇಬರು ಬೇಸರದಿಂದಲೇ ಮಲಂಗಸಾಬನ ಹಲಗೆ ಬಡಿದರು. ಒಂದು ತಲೆ ಹೊರಬಂತು. ಪಕ್ಕದಲ್ಲಿ ಮತ್ತೊಂದು. ಎದುರಿಗೆ ಜೈತೂನಬಿ. ನೋಡನೋಡುತ್ತಾ ಓಣಿಯ ಎರಡೂ ಕಡೆ, ಉದ್ದಕ್ಕೂ, ಹಲಗೆ ಸಂದಿಗಳಿಂದ ನಲವತ್ತೊಂದು ತಲೆ!

"ಬರ್ರಿ ಸಾಹೇಬ್ರ, ಅಡ್ಡಾಗಿ ಬರ್ರಿ!"

ಸಾಹೇಬರು ಅಡ್ಡಾಗಿ ಹೋಗಲು ನೋಡಿದರು. ಹೊಟ್ಟೆ ಸಿಕ್ಕಿಕೊಂಡಿತು! ಒಳಗಿನಿಂದ ಮಲಂಗಸಾಬ ಎಳೆದ, ಸಿದ್ದು ಓಡಿ ಬಂದು ಹೊರಗಿನಿಂದ ನೂಕಿದ. ಪುರಸಭೆಯ ಅಧ್ಯಕ್ಷರು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು. ಒಳಗೆ ಹೋದ ಸಾಹೇಬರು ಅಟ್ಟದವರೆಗೆ ಒಟ್ಟಿದ್ದ ಚೀಲ ನೋಡಿ, ಒಂದು ತಾಸು ಹೊರಗೆ ಬರಲೇ ಇಲ್ಲ.

ನಾಲ್ಕು ದಿನದ ಮೇಲೆ ಸಭೆಯಲ್ಲಿ ಠರಾವು ಪಾಸಾಯಿತು. ಓಣಿ ಕೆಡವುವುದಿಲ್ಲ. ಲಾರಿಗೆ ರಸ್ತೆ, ಹೆಂಗಸರಿಗೆ ಹೊಲಿಗೆ ಶೆಡ್ಡು, ಇಪ್ಪತ್ತು ಮಿಶಿನ್. ಅದನ್ನೆಲ್ಲ ನಡೆಸುವ ಓಣಿ ಸಮಿತಿಗೆ ಅಧ್ಯಕ್ಷ ಸಿದ್ದಲಿಂಗೇಶ! ಸಾಹೇಬರು ಹೊಟ್ಟೆ ಸವರಿಕೊಳ್ಳುತ್ತಾ ಸುರೇಖಾಳ ನೌಕರಿ ಕಾಯಂ ಮಾಡಿದರು.

ಸಭೆ ಮುಗಿಸಿ ಇಬ್ಬರೂ ಪುರಸಭೆಯ ಮೆಟ್ಟಿಲ ಮೇಲೆ ಕುಳಿತರು. ಚಹಾ ಆರುತ್ತಿತ್ತು. ಯಾರೂ ಕುಡಿಯಲಿಲ್ಲ.

"ಇನ್ನ ನೀವು ಬ್ಯಾರೆ ಊರಿಗೆ ಹೊಕ್ಕೀರಿ," ಅಂದ ಅವನು, ನೆಲ ನೋಡುತ್ತಾ.

"ಹೂಂ. ರಾಣೆಬೆನ್ನೂರು. ಸೋಮವಾರದಿಂದ."

"ಅಲ್ಲೂ ಯಾರರ ಜೋಡಿ ಬರ್ತಾರೇನು, ಬಾಗಲಾ ಬಡಿಯಾಕ?"

ಅವನ ದನಿ ಕೇಳಿ ಸುರೇಖಾಳ ಎದೆ ಕರಗಿತು. ಆದರೂ ಬಿಡಲಿಲ್ಲ. "ಅಧ್ಯಕ್ಷರ, ಸಮಿತಿ ಅಂದ ಮ್ಯಾಲ ಐದು ವರ್ಷದ ಯೋಜನೆ ಬೇಕು. ನಿಮ್ಮದೇನೈತಿ?"

"ಓಣೀದೋ? ನನ್ನದೋ?"

"...ನಿಮ್ಮದು."

ಅವನು ಚಹಾದ ಲೋಟ ಪಕ್ಕಕ್ಕೆ ಸರಿಸಿದ. ಆಮೇಲೆ ಬೆರಳು ಮಡಿಚಿದ. "ಮೊದಲನೇ ವರ್ಷ, ಹಾವೇರಿಗೆ ಬಂದು ನಿಮ್ಮ ಅಪ್ಪಾರನ್ನ ಭೆಟ್ಟಿ ಆಗೂದು. ಎರಡನೇ ವರ್ಷ, ಅವರು ಹೂಂ ಅನ್ನೂತನಕ ಬಾಗಲದಾಗ ಕುಂದ್ರೂದು. ಮೂರನೇ ವರ್ಷ..."

"ತಡೀರಿ. ಈ ಯೋಜನೆ ನಾ ಪಾಸ್ ಮಾಡೂದಿಲ್ಲ."

ಅವನ ಮುಖ ಬಾಡಿತು. "ಯಾಕ?"

"ಭಾಳ ಸಾವಕಾಶ ಐತಿ." ಅವಳ ಕಣ್ಣು ತುಂಬಿ ಬಂದಿದ್ದವು, ತುಟಿಯಲ್ಲಿ ನಗು. "ಅಪ್ಪಗ ಎಲ್ಲಾ ಹೇಳೇನಿ. ಆಯ್ತವಾರ ಬಾ. ಊಟಕ್ಕ ಕರದಾರ."

ನೀವು ಹೋಗಿ ನೀನು ಆಗಿದ್ದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

"ಹಂಗಾರ ಉಳದ ನಾಕು ವರ್ಷ, ಹನ್ನೊಂದು ತಿಂಗಳಾ ಏನ್ ಮಾಡೂಣು ಸುರೇಖಾ?"

"ಕುಂತು ಜಗಳಾ ಆಡೂಣು," ಅಂದಳು ಅವಳು, ಅವನ ಒರಟು ಬೆರಳುಗಳ ನಡುವೆ ತನ್ನ ಬೆರಳು ಸೇರಿಸುತ್ತಾ.