ಇನ್ನೂರ ಹನ್ನೆರಡನೆಯ ಸಾಲು

ಕಂಪೆನಿಯ ಅಹಮದಾಬಾದ್ ಶಾಖೆಯಿಂದ ಸುಧನ್ವ ಕಳಿಸಿದ ಪ್ರೋಗ್ರಾಮಿನ ಫೈಲು ಸೂರತ್ ಶಾಖೆಯ ಅನುರಾಧಾಳ ಕಂಪ್ಯೂಟರಿನಲ್ಲಿ ಜಪ್ಪಯ್ಯ ಅಂದರೂ ಕಂಪೈಲ್ ಆಗಿ ಓಡುತ್ತಿರಲಿಲ್ಲ. ನಾಲ್ಕು ಗಂಟೆಗೆ ಸೀರೆ ವ್ಯಾಪಾರಿಗಳು ತಮ್ಮ ಹೊಸ ವೆಬ್‌ಸೈಟ್ ನೋಡಲು ಬರುವವರಿದ್ದರು.

ಫೋನ್ ಮಾಡಿದರೆ ಅವನು ಎಂದಿನ ಮೆತ್ತನೆಯ ಹಿಂದಿಯಲ್ಲಿ, ತನ್ನಲ್ಲಿ ಎಲ್ಲ ಸರಿಯಿತ್ತು, ಅವಳಲ್ಲಿರುವ ಸ್ಟ್ರಟ್ಸ್ ಎಂಬ ಸಿದ್ಧ ಕೋಡಿನ ಲೈಬ್ರರಿ ಹಳೆಯದಿರಬಹುದು ಎಂದ. ಅವಳು ಹೊಸದು ಹಾಕಿದಳು. ಪ್ರೋಗ್ರಾಮಿನ ಭಾಷೆ ಜಾವಾವನ್ನೇ ಮತ್ತೆ ಹಾಕಿದಳು. ಊಹೂಂ.

ಎರರ್ ಬೊಟ್ಟು ಮಾಡುತ್ತಿದ್ದದ್ದು ಇನ್ನೂರ ಹನ್ನೆರಡನೆಯ ಸಾಲನ್ನು. ಅದು ಬರೀ ಕಾಮೆಂಟ್, ಓದುವವರಿಗೆಂದು ಬರೆದಿಟ್ಟ ಟಿಪ್ಪಣಿ. ಕಾಮೆಂಟನ್ನು ಕಂಪ್ಯೂಟರ್ ಓದುವುದಿಲ್ಲ ಎಂದು ಅವಳು ಅತ್ತ ನೋಡಿರಲಿಲ್ಲ. ಅದೂ ಅಲ್ಲದೆ, ಸುಧನ್ವನ ಕಾಮೆಂಟುಗಳನ್ನು ಸಂಜೆಯ ಚಹಾಕ್ಕೆಂದು ಉಳಿಸಿಟ್ಟುಕೊಳ್ಳುವುದು ಅವಳ ರೂಢಿ.

ಏಕೆಂದರೆ ಅವನು ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದ. 'ಇಲ್ಲಿ ಸಾಂಬಾರಿಗೂ ಸಕ್ಕರೆ. ದೇವರೇ ಗತಿ.' ಕಂಪೆನಿಯಲ್ಲಿ ಯಾರಿಗೂ ಅರ್ಥವಾಗದೆಂಬ ಧೈರ್ಯ ಅವನಿಗೆ. ಸೂರತ್ತಿನ ಅಡಾಜಣ್‌ನಲ್ಲಿ ಹೋಟೆಲಿಟ್ಟ, ಉಡುಪಿ ಕಡೆಯ ಕೋಟದ ವಾಸುದೇವರ ಮಗಳು ತಾನೆಂದು ಅವಳೂ ಹೇಳಿರಲಿಲ್ಲ. ಕನ್ನಡ ಲಿಪಿ ಓದಲು ಬಾರದು, ಮಾತೂ ಅರೆಬರೆ ಎಂಬ ಸಂಕೋಚ ಮೊದಮೊದಲು. ಆಮೇಲೆ, ಹೇಳಿದರೆ ಎಲ್ಲಿ ಬರೆಯುವುದನ್ನು ನಿಲ್ಲಿಸಿಬಿಡುತ್ತಾನೋ ಎಂಬ ಭಯ. ವಡೋದರಾದ ತರಬೇತಿಯಲ್ಲಿ ಎರಡು ದಿನ ಎದುರುಬದುರು ಕೂತಿದ್ದರು. ಅವಳು ನೋಡಿದಾಗಲೆಲ್ಲ ಅವನು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕುತ್ತಿದ್ದ.

ಈಗ ಅವಳು ಆ ಸಾಲನ್ನು ಓದಿದಳು.

'ಅನುರಾಧಾಗೆ ಬರೆದ ಕಾಗದ D:\udupi ಫೋಲ್ಡರಿನಲ್ಲಿದೆ. ಕಳಿಸುವ ಧೈರ್ಯ ಈ ಜನ್ಮದಲ್ಲಿ ಬರಲಿಕ್ಕಿಲ್ಲ.'

ಅವಳ ಕಿವಿ ಬಿಸಿಯಾಯಿತು. ಮೂರು ಸಲ ಓದಿದ ಮೇಲೆ ತಪ್ಪೂ ಕಣ್ಣಿಗೆ ಬಿತ್ತು. ಆ ಓರೆಗೆರೆಯ ಪಕ್ಕ u ಬಂದರೆ ಯಾವುದೋ ಅಕ್ಷರದ ಸಂಕೇತವೆಂದು ಜಾವಾ ಕಾಮೆಂಟಿನೊಳಗೂ ಮೂಗು ತೂರಿಸುತ್ತದೆ, ಸಂಕೇತ ಸರಿಯಿಲ್ಲವೆಂದು ಹಟ ಹಿಡಿಯುತ್ತದೆ. ಕೊನೆಗಳಿಗೆಯಲ್ಲಿ ಇದನ್ನು ಸೇರಿಸಿದ ಮಹಾನುಭಾವ, ಕಾಮೆಂಟ್ ತಾನೇ ಎಂದು ಮತ್ತೆ ಕಂಪೈಲ್ ಮಾಡಿ ನೋಡಿರಲಿಲ್ಲ.

ಸಾಲನ್ನು ಅಳಿಸಿದರೆ ಕೆಲಸ ಮುಗಿಯಿತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಕಾಗದ ಅಲ್ಲೇ ಕೊಳೆಯುತ್ತಿತ್ತು. ಅವನಿಗೆ ಧೈರ್ಯ ಬರುವುದಿಲ್ಲವೆಂದು ಅವನೇ ಬರೆದಿದ್ದಾನಲ್ಲ. ಅವಳು ಫೋನ್ ಎತ್ತಿಕೊಂಡಳು. ಏನಾಯಿತೆಂದು ಅವನು ಹಿಂದಿಯಲ್ಲಿ ಕೇಳಿದ.

"ತಪ್ಪು ಸಿಕ್ಕಿತು," ಎಂದಳು ಕನ್ನಡದಲ್ಲಿ. "ಇನ್ನೂರ ಹನ್ನೆರಡನೇ ಸಾಲು. ಅಲ್ಲಿ ಉಡುಪಿ ಉಂಟಲ್ಲ, ಅದು."

ಆ ಕಡೆ ಪೆನ್ನಿನ ಮುಚ್ಚಳ ಕೆಳಗೆ ಬಿದ್ದ ಸದ್ದಾಯಿತು.

"ನಿಮ್ಗೆ ಕನ್ನಡ ಬರ್ತದಾ?"

"ಅಷ್ಟು ಚಂದ ಬರುದಿಲ್ಲ. ನಿಮ್ಮ ಕಾಮೆಂಟ್ ಓದಿ ಓದಿ ಸ್ವಲ್ಪ ಸುಧಾರಿಸಿದ್ದು."

ತಪ್ಪಾಯಿತು, ದಯವಿಟ್ಟು ಆ ಸಾಲನ್ನು ಅಳಿಸಿಬಿಡಿ ಎಂದು ಅವನು ತಡವರಿಸಿದ.

"ಆ ಓರೆಗೆರೆಯನ್ನು ಮಾತ್ರ ಆಚೆಗೆ ತಿರುಗಿಸಿದ್ದೇನೆ. ಕಂಪೈಲ್ ಆಯ್ತು. ಸಾಲು ಅಲ್ಲೇ ಇರ್ಲಿ." ಅವಳು ಫೈಲನ್ನು ಸೇವ್ ಮಾಡಿದಳು. "ಕಾಗದ ಕನ್ನಡ ಅಕ್ಷರದಲ್ಲಿ ಉಂಟಾ?"

ಹೌದೆಂದ.

"ಹಾಗಾದ್ರೆ ಕಳಿಸ್ಬೇಡಿ, ನಂಗೆ ಓದ್ಲಿಕ್ಕೆ ಬರುದಿಲ್ಲ. ಭಾನುವಾರ ರೈಲು ಹತ್ತಿ ಬಂದು ನೀವೇ ಓದಿ ಹೇಳಿ. ಅಪ್ಪನ ಹೋಟೆಲಿನ ಸಾಂಬಾರಿಗೆ ಸಕ್ಕರೆ ಹಾಕುದಿಲ್ಲ."

ಜೊತೆಗೆ ಕೆಲಸ ಮಾಡಿದ ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅವನು ನಕ್ಕದ್ದು ಕೇಳಿಸಿತು. ಬೆಳಿಗ್ಗೆಯ ಮೊದಲ ರೈಲಿಗೇ ಬರಬಹುದೇ ಎಂದು ಕನ್ನಡದಲ್ಲಿ ಕೇಳಿದ.