ಐದನೇ ನಂಬರಿನ ಬಿಲ್ಲೆ

ಬೆಳಿಗ್ಗೆ ಸುರಂಗದ ಬೀಗ ತೆಗೆದವರು, ಹಿಂದಿನ ದಿನದ ಚಾರಣದಿಂದ ಮನೆಗೆ ಮರಳದ ಮೇಷ್ಟ್ರನ್ನು ಹುಡುಕಿಕೊಂಡು ಒಳಗೆ ಹೋಗಬೇಕಾಗಲಿಲ್ಲ. ಗೇಟಿನ ಬುಡದಲ್ಲೇ ಬಿದ್ದಿದ್ದರು. ಎರಡೂ ಕೈ ಕಬ್ಬಿಣದ ಸರಳು ಹಿಡಿದಿದ್ದವು. ತಲೆಯ ಹಿಂಭಾಗ ಒಡೆದಿತ್ತು. ಜೀವ ಹೋಗಿತ್ತು.

"ಕತ್ತಲಲ್ಲಿ ಕಾಲು ಜಾರಿ ಬಿದ್ದಿದ್ದಾರೆ," ಎಂದ ಚಾರಣ ಕಂಪನಿಯ ಮ್ಯಾನೇಜರು. "ಗೈಡು ತಲೆ ಎಣಿಸದೆ ಬೀಗ ಜಡಿದಿದ್ದಾನೆ. ಅವನನ್ನ ಎಳ್ಕೊಂಡು ಹೋಗಿ ಮೇಡಂ."

ಇನ್ಸ್‌ಪೆಕ್ಟರಮ್ಮನಿಗೆ ಮೈಯೆಲ್ಲ ಉರಿಯಿತು. ಗಣಿಯಲ್ಲಿ ಏನೇ ಆಗಲಿ, ಮೊದಲು ಹಿಡಿಯುವುದು ಬಡವನ ಕೊರಳಪಟ್ಟಿಯನ್ನೇ. ಗಣಿ ಕುಸಿದು ಅವಳಪ್ಪ ಸತ್ತಾಗಲೂ ತಪ್ಪು ಅಪ್ಪನದೇ ಎಂದು ಬರೆದು ಕೈ ತೊಳೆದುಕೊಂಡಿದ್ದರು.

ಈ ಚಿನ್ನದ ಗಣಿ ಮುಚ್ಚಿ ಮೂವತ್ತು ವರ್ಷವಾಗಿತ್ತು. ಈಗ ವಾರಕ್ಕೊಮ್ಮೆ ಪೇಟೆಯ ಜನ ಬೂಟು ತೊಟ್ಟು ನಡೆಯಲು ಬರುತ್ತಿದ್ದರು. ಅದಿರು ಕುಟ್ಟುತ್ತಿದ್ದ ಹಾಳು ಗಿರಣಿ, ಹುಲ್ಲೂ ಹುಟ್ಟದ ಬಿಳಿ ಮಣ್ಣಿನ ದಿಬ್ಬಗಳು, ಕೊನೆಗೆ ಈ ಸುರಂಗ. ಬಾಗಿಲ ಪಕ್ಕ ಗಣಿಯ ಕಾಲದ ಹಲಗೆ. ಒಳಗೆ ಹೋಗುವವನು ಮೊಳೆಯಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಳ್ಳಬೇಕು, ಹೊರಗೆ ಬಂದ ಮೇಲೆ ಮತ್ತೆ ತೂಗುಹಾಕಬೇಕು. ಮೊಳೆ ಖಾಲಿ ಇದ್ದರೆ ಆಳು ಇನ್ನೂ ಒಳಗಿದ್ದಾನೆ ಎಂದರ್ಥ.

"ಏಳು ಜನ ಹೋದ್ರು ತಾಯಿ," ಎಂದ ಮುದುಕ ಗೈಡು. "ಏಳೂ ಬಿಲ್ಲೆ ವಾಪಸ್ ಬಂದಿತ್ತು. ಆಮೇಲೇ ಬೀಗ ಹಾಕ್ದೆ."

"ಕಣ್ಣಾರೆ ನೋಡಿದ್ಯಾ?"

"ಮುಟ್ಟಿ ಎಣಿಸ್ದೆ. ಕಣ್ಣು ಮಂಜಾಗಿದೆ. ಹೇಳಿದ್ರೆ ಕೆಲಸ ಹೋಗುತ್ತೆ..."

"ಚೆನ್ನಾಗಿದೆ!" ಅವಳಿಗೆ ಅವನ ಮೇಲೂ ಸಿಟ್ಟು ಬಂತು. "ನೀನು ಒಳಗೆ ಹೋಗಿದ್ಯಾ?"

"ಎಲ್ಲಿ ಹೋಗ್ಲಿ? ಒಬ್ಬರು ಹೆಂಗಸು ಕಾಲು ಉಳುಕಿಸ್ಕೊಂಡು ಬಂದ್ರು. ಹಲಗೆಗೆ ಬೆನ್ನು ಹಾಕಿ ಕೂತು ಪಟ್ಟಿ ಕಟ್ತಿದ್ದೆ."

ಆ ಹೆಂಗಸು, ಅವಳ ಗಂಡ, ಜೊತೆಗೆ ಬಂದಿದ್ದ ಇಬ್ಬರು ಗೆಳತಿಯರು — ನಾಲ್ವರೂ ಹೌದೆಂದರು. ಮೊದಲು ಹೊರಬಂದವರು ತಾವೇ. ಗೈಡು ಜಾಗ ಬಿಟ್ಟು ಕದಲಿಲ್ಲ. ಹಾಗಾದರೆ ಒಳಗೆ ಹೋಗಿದ್ದ ಏಳರಲ್ಲಿ ಮೇಷ್ಟ್ರನ್ನು ಬಿಟ್ಟು ಉಳಿದವರು ಇಬ್ಬರು: ಮೇಷ್ಟ್ರ ಭಾವಮೈದುನ ಮತ್ತು ಮ್ಯಾನೇಜರು.

ಇನ್ಸ್‌ಪೆಕ್ಟರಮ್ಮ ಹಲಗೆಯ ಮುಂದೆ ನಿಂತಳು. ಆರು ಬಿಲ್ಲೆಗಳ ನಂಬರು ಕಾಣುತ್ತಿತ್ತು. ಮೇಷ್ಟ್ರದು, ಐದನೆಯದು, ಬರೀ ನುಣ್ಣಗಿತ್ತು. ಅವಳು ಹಲ್ಲು ಕಚ್ಚಿದಳು.

"ಭಾವನ ಜೊತೆ ಜಗಳ ಆಡಿದ್ರಂತೆ?"

"ಹೌದು," ಎಂದ ಭಾವಮೈದುನ. "ಒಳಗಿನ ಮರದ ಕಂಬಗಳು ಟೊಳ್ಳಾಗಿವೆ, ಫೋಟೋ ತೆಗೆದು ದೂರು ಕೊಡ್ತೀನಿ, ಇದನ್ನ ಮುಚ್ಚಿಸ್ತೀನಿ ಅಂದ್ರು. ನಿಮಗ್ಯಾಕೆ ಊರ ಉಸಾಬರಿ ಅಂದೆ. ಸಿಟ್ಟಲ್ಲಿ ಒಬ್ಬನೇ ಬಸ್ಸು ಹತ್ತಿಬಿಟ್ಟೆ. ಅಕ್ಕನಿಗೆ ಯಾವ ಮುಖ ತೋರಿಸ್ಲಿ?"

"ನೀವು?" ಎಂದು ಮ್ಯಾನೇಜರ ಕಡೆ ತಿರುಗಿದಳು.

"ನಂಗೆ ಗಣಿಯ ಗಂಧಗಾಳಿ ಇಲ್ಲ ಮೇಡಂ. ನಮ್ಮದು ಬಟ್ಟೆ ಅಂಗಡಿ ಮನೆತನ."

ಅವಳು ಬಿಲ್ಲೆಯನ್ನು ಬಿಚ್ಚಿ ಭಾವಮೈದುನನ ಅಂಗೈಗೆ ಹಾಕಿದಳು, ನಂಬರು ಮೇಲಾಗಿ. "ಮೇಷ್ಟ್ರ ಬಿಲ್ಲೆ. ಅದರ ಮೊಳೆಗೆ ಹಾಕಿ."

ಅವನು ಅಳುತ್ತಲೇ ಹಾಕಿದ. ಐದು ಎದ್ದು ಕಂಡಿತು.

ಮತ್ತೆ ಬಿಚ್ಚಿ, ಹಾಗೇ ಮ್ಯಾನೇಜರಿಗೆ ಕೊಟ್ಟಳು. "ಇದೇನು ಮಕ್ಕಳಾಟ?" ಎನ್ನುತ್ತ ಅವನು ಕೈ ಎತ್ತಿದ. ಮೊಳೆಯ ಹತ್ತಿರ ಬೆರಳು ಒಂದು ಕ್ಷಣ ತಡೆಯಿತು. ಬಿಲ್ಲೆ ಮಗುಚಿಕೊಂಡಿತು. ನಂಬರು ಗೋಡೆಗೆ.

"ಯಾಕೆ ತಿರುಗಿಸಿದ್ರಿ?"

"ಹೇಗೋ ಹಾಕ್ದೆ..."

"ಹೇಗೋ ಅಲ್ಲ! ಗಣಿಯವರ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಗೊತ್ತು. ಸತ್ತವನ ಬಿಲ್ಲೆಯನ್ನ ಗೋಡೆಗೆ ಮುಖ ಮಾಡಿ ಹಾಕ್ತಾರೆ. ನೆಟ್ಟಗೆ ಹಾಕಿದ್ರೆ ಸತ್ತವನು ಮತ್ತೆ ಪಾಳಿಗೆ ಬರ್ತಾನೆ ಅಂತ ಭಯ. ನನ್ನಪ್ಪನ ಬಿಲ್ಲೆಯನ್ನ ನಾನು ಹಾಗೇ ನೋಡಿದ್ದೆ, ಒಂಬತ್ತು ವರ್ಷದವಳಿದ್ದಾಗ. ಬಟ್ಟೆ ಅಂಗಡಿಯಲ್ಲಿ ಕಲಿಸಿದ್ರಾ ಇದನ್ನ? ಮೇಷ್ಟ್ರ ಕ್ಯಾಮೆರಾ ಎಲ್ಲಿ?"

ಮ್ಯಾನೇಜರ ಕಣ್ಣು ತನ್ನ ಚೀಲದ ಕಡೆ ಹೋಗಿ ಬಂತು. ಪೇದೆ ಚೀಲ ಸುರಿದ. ಕ್ಯಾಮೆರಾ ನೆಲಕ್ಕೆ ಬಿತ್ತು.

"ನಮ್ಮಪ್ಪ ಮೇಸ್ತ್ರಿ," ಎಂದ ಅವನು, ದನಿ ಒಡೆದು. "ಬೇರೆ ಗಣೀಲಿ. ಆ ಧೂಳಿಂದ ಹೊರಗೆ ಬರೋಕೆ ನಾನು ಎಷ್ಟು ಕಷ್ಟಪಟ್ಟೆ ಗೊತ್ತಾ? ಒಂದು ದೂರಲ್ಲಿ ಎಲ್ಲಾ ಮುಚ್ಚಿಸ್ತೀನಿ ಅಂದ! ಕಲ್ಲು ಕೈಗೆ ಸಿಕ್ತು. ಬಿಲ್ಲೆ ಹಲಗೆಯಲ್ಲಿದ್ರೆ ಯಾರೂ ಹುಡುಕಲ್ಲ ಅಂದ್ಕೊಂಡೆ. ನೆಟ್ಟಗೆ ಹಾಕೋಕೆ ಕೈ ಬರಲಿಲ್ಲ. ಸತ್ತಿದ್ದನಲ್ಲ..."

"ಸತ್ತಿರಲಿಲ್ಲ ಕಣೋ!" ಅವಳ ಕೂಗಿಗೆ ಪೇದೆಯೇ ಬೆಚ್ಚಿಬಿದ್ದ. "ಬೆಳಗಿನ ಜಾವದವರೆಗೂ ಉಸಿರಿತ್ತು ಅಂತ ಡಾಕ್ಟರು ಹೇಳಿದ್ದಾರೆ. ಒಡೆದ ತಲೆ ಹೊತ್ತು ಸುರಂಗದ ಒಳಗಿಂದ ಇಲ್ಲಿವರೆಗೆ ತೆವಳಿ ಬಂದು ಈ ಸರಳು ಹಿಡಿದಿದ್ದಾರೆ. ಬದುಕಿದ್ದವರ ಬಿಲ್ಲೆ ತಿರುಗಿಸಿದೆಯಲ್ಲೋ, ಪಾಪಿ!"

ಅವನನ್ನು ಜೀಪಿಗೆ ಹತ್ತಿಸಿದರು. ಗೈಡು ಹಲಗೆಯ ಹತ್ತಿರ ಬಂದು ಐದನೇ ಬಿಲ್ಲೆಯನ್ನು ಬೆರಳಿಂದ ಸವರಿದ. ಈ ಸಲ ನಿಧಾನವಾಗಿ, ನುಣುಪು ಬೆನ್ನನ್ನೂ, ಗೋಡೆಯ ಕಡೆಗಿದ್ದ ನಂಬರನ್ನೂ.

"ತಿರುಗಿದ್ದನ್ನ ಕಣ್ಣಾರೆ ನೋಡಿದ್ದಿದ್ರೆ ಆವಾಗ್ಲೇ ಕೂಗ್ಕೊಂಡು ಒಳಗೆ ಓಡ್ತಿದ್ದೆ ತಾಯಿ," ಎಂದ. "ಬದುಕ್ತಿದ್ರೇನೋ."