ಕಿಲುಬು ಬಿಡಿಸಿದ ಬಿಲ್ಲೆ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ ಕೆಂಚನಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜ ಚಂಡಕೇತುವಿಗೆ ಯುದ್ಧವೆಂದರೆ ಹಬ್ಬ. ಊಟ ಅವನದು, ಎಂಜಲೆಲೆ ಎತ್ತುವ ಕೆಲಸ ಊರಿನ ಹೆಂಗಸರದು.

ಒಮ್ಮೆ ಅವನ ನೂರು ಸೈನಿಕರು ಕರಿಗಲ್ಲು ಬೆಟ್ಟದಲ್ಲಿ ಧೂಮಾಕ್ಷನೆಂಬ ಮಾಂತ್ರಿಕನ ಕೈಗೆ ಸಿಕ್ಕರು. ಸೈನಿಕರ ಎದೆಯ ಹಿತ್ತಾಳೆ ಬಿಲ್ಲೆ, ಅಂಗಿಯ ಗುಂಡಿ ಕೂಡಿಡುವುದು ಅವನ ಚಟ. ಬಿಲ್ಲೆ ಕಿತ್ತ ಕೂಡಲೇ ಸೈನಿಕ ಕಲ್ಲಾಗುತ್ತಿದ್ದ. ರಾಜ ಮೂರು ದಿನ ಶೋಕ ಆಚರಿಸಿ, ನಾಲ್ಕನೆಯ ದಿನ ಹೊಸಬರನ್ನು ಸೇರಿಸಿಕೊಂಡ.

ಆ ನೂರರಲ್ಲಿ ಸೋಬವ್ವನ ಗಂಡ ಹಾಲಪ್ಪನೂ ಇದ್ದ. ಆ ರಾಜ್ಯದಲ್ಲಿ ಸೈನಿಕನ ಬಿಲ್ಲೆಯನ್ನು ಹೆಂಡತಿಯೇ ಬೆಳಗಬೇಕು. ಬಿಲ್ಲೆಗೆ ಕಿಲುಬು ಹಿಡಿದರೆ ಅವಳು ವಿಧವೆ ಎಂದರ್ಥ. ಸೋಬವ್ವ ಹನ್ನೆರಡು ವರ್ಷ, ಪ್ರತಿ ಸೋಮವಾರ, ಹುಣಸೆಹಣ್ಣು ಬೂದಿ ಹಾಕಿ ಗಂಡನ ಬಿಲ್ಲೆ ಉಜ್ಜಿದವಳು. ಅವನನ್ನು ಕರೆತರದೆ ಮರಳುವುದಿಲ್ಲವೆಂದು ಬುತ್ತಿ ಕಟ್ಟಿಕೊಂಡು ಬೆಟ್ಟ ಹತ್ತಿದಳು.

ಮೊದಲ ಬಾಗಿಲಲ್ಲಿ ಹುಲಿಯಿತ್ತು. ಮಾಂತ್ರಿಕ ಅದರ ಕುತ್ತಿಗೆಗೆ ಸೈನಿಕರ ನಡುಪಟ್ಟಿ ಬಿಗಿದಿದ್ದ. ಅದಕ್ಕೆ ಉಸಿರು ಕಟ್ಟುತ್ತಿತ್ತು. ಸೋಬವ್ವ ಪಟ್ಟಿ ಬಿಚ್ಚಿದಳು, ಹುಲಿ ದಾರಿ ಬಿಟ್ಟಿತು. ಎರಡನೆಯ ಬಾಗಿಲಲ್ಲಿ ಸರ್ಪವಿತ್ತು. ಗುಂಡಿಗಳನ್ನು ನುಂಗಿ ಕಾಯುವುದು ಅದರ ಕೆಲಸ. ಒಂದು ಗುಂಡಿ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಸೋಬವ್ವ ಕೈಹಾಕಿ ತೆಗೆದಳು.

"ತಾಯಿ, ಮಾಂತ್ರಿಕನ ಪ್ರಾಣ ಅವನ ಕೊರಳಿನ ಚಿನ್ನದ ಗುಂಡಿಯಲ್ಲಿದೆ," ಎಂದಿತು ಸರ್ಪ. "ಅದನ್ನು ಕಿತ್ತ ಮೇಲೆ ಬಿಲ್ಲೆಯನ್ನು ಕಲ್ಲಿನ ಎದೆಗಿಟ್ಟು, ಅದರಲ್ಲಿ ಕೆತ್ತಿದ ಹೆಸರು ಓದು. ಕಲ್ಲು ಮನುಷ್ಯನಾಗುತ್ತದೆ."

ಮೂರನೆಯ ಬಾಗಿಲಲ್ಲಿ ಧೂಮಾಕ್ಷನೇ ಇದ್ದ. ಮದುವೆಮನೆಯಲ್ಲಿ ಸೀರೆ ತೋರಿಸುವವರ ಹಾಗೆ ಒಂದೊಂದೇ ಬಿಲ್ಲೆ ತೆಗೆದು ತೋರಿಸಿದ. ಸೋಬವ್ವ ಬಾಯ್ತುಂಬ ಹೊಗಳಿದಳು.

"ಸ್ವಾಮಿ, ನಿಮ್ಮ ಕೊರಳ ಗುಂಡಿ ಜೋತಾಡ್ತಾ ಇದೆ. ಹೊಲಿದು ಕೊಡಲಾ?"

ಹೊಗಳಿಕೆಗೆ ಉಬ್ಬಿದವನು ಕೊರಳೊಡ್ಡಿದ. ನೂಲು ಕಚ್ಚುವ ನೆಪದಲ್ಲಿ ಅವಳು ಗುಂಡಿಯನ್ನೇ ಕಚ್ಚಿ ಕಿತ್ತಳು. ಧೂಮಾಕ್ಷ ಹೊಗೆಯಾಗಿ ಹೋದ.

ಬಿಲ್ಲೆಗಳನ್ನು ಮಡಿಲಿಗೆ ಸುರಿದುಕೊಂಡಾಗ, ಅಂಚು ನೆಗ್ಗಿದ ಗಂಡನ ಬಿಲ್ಲೆ ಕಂಡಿತು. ಅದರ ತುಂಬ ಹಸಿರು ಕಿಲುಬು. ಇಂಥದ್ದನ್ನು ಹಿಡಿದು ಮುತ್ತೈದೆ ಗಂಡನ ಮುಂದೆ ನಿಲ್ಲುವುದುಂಟೆ? ಬುತ್ತಿಯ ಹುಳಿಗೆ ಹಳ್ಳದ ಮರಳು ಸೇರಿಸಿ ಉಜ್ಜೇ ಉಜ್ಜಿದಳು. ಹೊಳಪನ್ನು ನೋಡಿದಳೇ ಹೊರತು ಅಕ್ಷರ ನೋಡಲಿಲ್ಲ. ಹನ್ನೆರಡು ವರ್ಷದ ಅಕ್ಕರೆಗೆ ಮೊದಲೇ ಸವೆದಿದ್ದ ಹೆಸರು ಅಂದು ಪೂರಾ ಅಳಿಸಿಹೋಯಿತು.

ತೊಂಬತ್ತೊಂಬತ್ತು ಹೆಸರು ಓದಿದಳು, ತೊಂಬತ್ತೊಂಬತ್ತು ಮಂದಿ ಎದ್ದು ನಿಂತರು. ಅವನದನ್ನು ಕೊನೆಗೆಂದು ಆಸೆಯಿಂದ ಇಟ್ಟುಕೊಂಡಿದ್ದಳು. ಅದರಲ್ಲಿ ಓದಲು ಏನೂ ಇರಲಿಲ್ಲ. ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳದವಳು, ಅಷ್ಟು ಗಂಡಸರ ಎದುರು "ಹಾಲಪ್ಪ" ಎಂದು ಕೂಗಿದಳು. ಗಂಟಲು ಬೀಳುವ ತನಕ ಕೂಗಿದಳು. ಕಲ್ಲು ಕಲ್ಲಾಗಿಯೇ ಇತ್ತು.

ಸುದ್ದಿ ತಿಳಿದು ರಾಜ ವಾದ್ಯದೊಡನೆ ಬಂದ. ನೂರಕ್ಕೆ ಒಂದು ಹೋದರೆ ನಷ್ಟವೇನಲ್ಲ ಎಂದು ಸಮಾಧಾನ ಹೇಳಿದ.

"ಆ ಒಂದೇ ನನ್ನ ಮನೆ ಆಗಿತ್ತು, ಬುದ್ಧಿ," ಎಂದಳು ಸೋಬವ್ವ.

ರಾಜನಿಗೆ ಅದು ಕೇಳಿಸಲಿಲ್ಲ, ವಾದ್ಯ ಜೋರಾಗಿತ್ತು. ಮಾಂತ್ರಿಕ ಅಳಿದ, ಗಂಡಂದಿರು ಮನೆ ಸೇರಿದರು, ಕೆಂಚನಗಿರಿ ಸುಖವಾಗಿ ಬಾಳಿತು. ಸೋಬವ್ವನ ಪಾಲಿನ ಸುಖವನ್ನು ಯಾರು ಉಂಡರೋ, ಕತೆ ಹೇಳುವ ನನಗೂ ಗೊತ್ತಿಲ್ಲ.